ಹೊಲದಲ್ಲಿ ಹಳೆ ಅಂಗಿ ಗುಂಡಿ, ನಾಣ್ಯ ಸಿಕ್ಕರೆ? ಪುರಾತತ್ವ ಕೆಲಸದ ಮೇಡಂಗೆ ಗುಂಪಿನವರ ಪ್ರಶ್ನೆಗಳು

ಪ್ರಶ್ನೆ (ನರಗುಂದ ಕಡೆಯ ರೈತರು): ನಮಸ್ಕಾರ ಮೇಡಂ. ನಮ್ಮದು ಎರಿ ಹೊಲ, ಕಪ್ಪು ಮಣ್ಣು. ಈ ಸಲ ರಂಟೆ ಹೊಡೆಯುವಾಗ ಒಂದು ಹಿತ್ತಾಳೆ ಅಂಗಿ ಗುಂಡಿ, ಒಂದು ಸೀಸದ ಗುಂಡು, ಹಸಿರುಗಟ್ಟಿದ ಎರಡು ತಾಮ್ರದ ದುಡ್ಡು ಮೇಲೆ ಬಂದವು. ಇಂಗ್ಲೆಂಡಿನವರು ಮೆಟಲ್ ಡಿಟೆಕ್ಟರ್ ಹಿಡಿದು ಹೊಲದಲ್ಲಿ ಗುಂಡಿ ಹುಡುಕುವ ವಿಡಿಯೋ ನೋಡಿ, ನಾವೂ ಒಂದು ಮಷೀನ್ ತರಿಸೋಣ ಅಂತ ಮಗ ಹಟ ಹಿಡಿದಿದ್ದಾನೆ. ಹೊಲ ನಮ್ಮದೇ ಅಲ್ವಾ, ಹುಡುಕಬಹುದಾ?

ಉತ್ತರ: ನಮಸ್ಕಾರ ಅಣ್ಣಾ. ಮಷೀನ್ ತರಿಸಬೇಡಿ. ಸಿಕ್ಕ ಸಾಮಾನನ್ನು ಹಾಗೇ ಇಡಿ, ತೊಳೆಯಬೇಡಿ.

ವಿಡಿಯೋದಲ್ಲಿ ಕಾಣುವುದು ಆ ದೇಶದ ಪದ್ಧತಿ. ಅಲ್ಲಿ ಹೊಲದವರ ಒಪ್ಪಿಗೆ ಇದ್ದರೆ ಸಾಮಾನ್ಯವಾಗಿ ಹುಡುಕಬಹುದು. ಗುಂಡಿ, ಬಕಲ್‌ನಂಥ ಚಿಕ್ಕ ಸಾಮಾನು ಸಿಕ್ಕರೆ ಎಲ್ಲಿ ಸಿಕ್ಕಿತು ಅಂತ ಬರೆಸಲು 1997ರಿಂದ ಒಂದು ವ್ಯವಸ್ಥೆಯೇ ಇದೆ. ಬ್ರಿಟಿಷ್ ಮ್ಯೂಸಿಯಂ ಅದನ್ನು ನೋಡಿಕೊಳ್ಳುತ್ತದೆ. ನಮ್ಮಲ್ಲಿ ಉತಾರ ನಿಮ್ಮ ಹೆಸರಲ್ಲಿದ್ದರೂ ಮಣ್ಣೊಳಗಿನ ಹಳೆ ಸಾಮಾನು ಸುಮ್ನೆ ನಿಮ್ಮದಾಗುವುದಿಲ್ಲ. ಕರ್ನಾಟಕಕ್ಕೆ 1962ರ ನಿಧಿ ಕಾನೂನು ಇದೆ. ನೆಲದಲ್ಲಿ ಹೂತಿದ್ದ ಬೆಲೆಬಾಳುವ ವಸ್ತು ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಸಿಕ್ಕವರಿಗೆ ಏನು ಸಲ್ಲಬೇಕು ಅನ್ನುವುದನ್ನು ಅವರ ಕಚೇರಿಯೇ ತೀರ್ಮಾನಿಸುತ್ತದೆ. ಮುಚ್ಚಿಟ್ಟರೆ ಮಾತ್ರ ತೊಂದರೆ ನಿಮಗೇ. ಅದರ ಮೇಲೆ 1972ರ ಕೇಂದ್ರ ಕಾನೂನು. ನೂರು ವರ್ಷ ದಾಟಿದ ನಾಣ್ಯ, ಶಿಲ್ಪ, ಲೋಹದ ಸಾಮಾನು ಅದರ ಲೆಕ್ಕದಲ್ಲಿ ಪ್ರಾಚೀನ ವಸ್ತು. ಲೈಸೆನ್ಸ್ ಇಲ್ಲದೆ ಅದರ ವ್ಯಾಪಾರ ಮಾಡುವಂತಿಲ್ಲ, ದೇಶದಿಂದ ಹೊರಗೆ ಕಳಿಸುವಂತೆಯೂ ಇಲ್ಲ.

ಈಗ ನಿಮ್ಮ ಗುಂಡಿಯ ವಿಚಾರ. ಹಿಂದೆ ತಿರುಗಿಸಿ ನೋಡಿ. ದಾರ ಹಾಕುವ ಕೊಂಡಿ ಇದೆಯಾ? ಅದರ ಸುತ್ತ ಸಣ್ಣ ಇಂಗ್ಲಿಷ್ ಅಕ್ಷರ ಇದ್ದರೆ ಮಾಡಿದವರ ಹೆಸರು, ಊರು ಇರಬಹುದು. ಮುಂದೆ ಅಂಕಿ ಇದ್ದರೆ ಪಲ್ಟನ್ನಿನ ನಂಬರ್ ಇರಬಹುದು. ಒಂದೇ ತಗಡಿನ ಚಪ್ಪಟೆ ಗುಂಡಿ ಸಾಮಾನ್ಯವಾಗಿ ಹಳೆಯದು. ಎರಡು ತಗಡು ಕೂಡಿಸಿ ಉಬ್ಬಿಸಿದ್ದು ಆಮೇಲಿನದು. ಎಲ್ಲ ಗುಂಡಿಯೂ ಸೈನ್ಯದ್ದಲ್ಲ. ಹುಬ್ಬಳ್ಳಿ ಭಾಗದಲ್ಲಿ ರೈಲ್ವೆ ನೌಕರರ ಕೋಟಿನದೂ ಇರಬಹುದು.

ಸೀಸದ ಗುಂಡನ್ನು ಅಳೆಯಿರಿ. ಈಸ್ಟ್ ಇಂಡಿಯಾ ಕಂಪನಿ ಸೈನಿಕರ ದೊಡ್ಡ ಬಂದೂಕಿನದು ಸುಮಾರು 17–18 ಮಿಲಿಮೀಟರ್ ಇರುತ್ತದೆ. ದುಂಡಗೇ ಉಳಿದಿದ್ದರೆ ಹಾರಿಸದೆ ಕೆಳಗೆ ಬಿದ್ದದ್ದಿರಬಹುದು. ಒಂದು ಕಡೆ ಚಪ್ಪಟೆಯಾಗಿದ್ದರೆ ಹಾರಿ ಎಲ್ಲೋ ಬಡಿದದ್ದು. ನರಗುಂದ ಅಂದಮೇಲೆ 1858ರಲ್ಲಿ ಅಲ್ಲಿನ ಅರಸ ಬಾಬಾಸಾಹೇಬರು ಬ್ರಿಟಿಷರ ವಿರುದ್ಧ ಎದ್ದ ಬಂಡಾಯ ನೆನಪಾಗದೆ ಇರುತ್ತದೆಯೇ! ಆದರೆ ಒಂದು ಗುಂಡು ನೋಡಿ ಅದೇ ಬಂಡಾಯದ್ದು ಅನ್ನಲು ಬರುವುದಿಲ್ಲ. ಬೇಟೆಗೆ ಹೋದವರೂ ಸೀಸದ ಗುಂಡನ್ನೇ ಹಾರಿಸುತ್ತಿದ್ದರು.

ಪ್ರಶ್ನೆ (ಹುಬ್ಬಳ್ಳಿಯ ಕಾಲೇಜು ಹುಡುಗ): ಮೇಡಂ, ಹಾಗಾದ್ರೆ ಡಿಟೆಕ್ಟರ್ ಅನ್ನೋದೇ ತಪ್ಪಾ? ನಿಮ್ಮವರೂ ಬಳಸ್ತಾರಲ್ಲ?

ಉತ್ತರ: ಮಷೀನ್ ತಪ್ಪಲ್ಲ ತಮ್ಮಾ. ಅದನ್ನು ಹಿಡಿದು ಏನು ಮಾಡುತ್ತೇವೆ ಅನ್ನುವುದು ಮುಖ್ಯ. ಅಮೆರಿಕದ ಲಿಟಲ್ ಬಿಗ್‌ಹಾರ್ನ್ ಅಂತ 1876ರ ಒಂದು ರಣರಂಗ ಇದೆ. 1983ರಲ್ಲಿ ಅಲ್ಲಿ ಹುಲ್ಲಿಗೆ ಬೆಂಕಿ ಬಿದ್ದು ನೆಲ ಬೋಳಾಯಿತು. ಮರುವರ್ಷ ಪುರಾತತ್ವದವರು ಡಿಟೆಕ್ಟರ್ ಹಿಡಿದು ಸಾಲಾಗಿ ನಡೆದರು. ಸದ್ದು ಬಂದಲ್ಲಿ ಬಾವುಟ ನೆಟ್ಟರು, ಒಂದೊಂದನ್ನೂ ನಕ್ಷೆಯಲ್ಲಿ ಗುರುತು ಹಾಕಿದರು. ಖಾಲಿ ತೋಟಾದ ಮೇಲಿನ ಗುರುತು ಹೋಲಿಸಿ, ಒಂದೇ ಬಂದೂಕು ಎಲ್ಲಿಂದ ಎಲ್ಲಿಗೆ ಹೋಯಿತು ಅನ್ನುವುದನ್ನೂ ಹಿಡಿದರು. ಯಾರು ಎಲ್ಲಿ ನಿಂತು ಹೋರಾಡಿದರು ಅಂತ ನೆಲವೇ ಹೇಳಿತು. ಅದಕ್ಕೂ ಮೊದಲೇ ಯಾರಾದರೂ ಬಂದು ಅವೆಲ್ಲವನ್ನೂ ಆರಿಸಿಕೊಂಡು ಡಬ್ಬಿಗೆ ತುಂಬಿದ್ದರೆ? ಒಂದು ಡಬ್ಬಿ ಸೀಸ, ಹಿತ್ತಾಳೆ ಉಳಿಯುತ್ತಿತ್ತು, ಅಷ್ಟೇ.

ನಮ್ಮ ಕಡೆಯೂ ಇಂಥ ರಣರಂಗ ಇದ್ದವು. 1790–91ರಲ್ಲಿ ಮರಾಠರು, ಕಂಪನಿಯವರು ಸೇರಿ ಟಿಪ್ಪುವಿನ ಕೈಲಿದ್ದ ಧಾರವಾಡ ಕೋಟೆಗೆ ತಿಂಗಳುಗಟ್ಟಲೆ ಮುತ್ತಿಗೆ ಹಾಕಿದ್ದರು. ಆ ಕೋಟೆ ಸುತ್ತಲಿನ ನೆಲದ ಮೇಲೆ ಈಗ ಊರೇ ಬೆಳೆದಿದೆ. ನರಗುಂದ ಕಡೆ ಇನ್ನೂ ಹೊಲ ಉಳಿದಿವೆ. ಅದಕ್ಕೇ ನಾನು ಇಷ್ಟು ಒತ್ತಿ ಹೇಳುವುದು.

ಇನ್ನೊಂದು ಮಾತು. ಬೇಸಿಗೆಯಲ್ಲಿ ಎರಿ ಭೂಮಿ ಕೈ ಹೋಗುವಷ್ಟು ಬಿರಿಯುತ್ತದೆ. ಗುಂಡಿ, ನಾಣ್ಯ ಆ ಬಿರುಕಿನಲ್ಲಿ ಕೆಳಗೆ ಬೀಳುತ್ತವೆ. ಮಳೆ ಬಂದರೆ ಬಾಯಿ ಮುಚ್ಚುತ್ತದೆ. ಹಾಗಾಗಿ ಎರಿ ಹೊಲದಲ್ಲಿ ಆಳ ನೋಡಿ ಕಾಲ ಹೇಳಲು ಆಗುವುದಿಲ್ಲ. ಆದರೆ ಅಡ್ಡಕ್ಕೆ ಅಷ್ಟು ದೂರ ಹೋಗುವುದಿಲ್ಲ. ರಂಟೆ ಕೆಲವು ಮಾರು ಎಳೆದೀತು, ಅಷ್ಟೇ. ಅದಕ್ಕೇ ಹೊಲದ ಯಾವ ಮೂಲೆ ಅನ್ನುವುದು ಬೇಕೇ ಬೇಕು.

ಪ್ರಶ್ನೆ (ಗದಗ): ಇಪ್ಪತ್ತು ಅಡಿ ಆಳದ ಚಿನ್ನ ತೋರಿಸುವ ಮಷೀನ್ ಇದೆ ಅಂತ ಒಬ್ಬರು ಊರಿಗೆ ಬಂದಿದ್ದರು. ಲಕ್ಕುಂಡಿ ಸುತ್ತ ನಿಧಿ ಇದ್ದೇ ಇದೆ ಅಂತಾರೆ. ನಿಜಾನಾ ಮೇಡಂ?

ಉತ್ತರ: ಅವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಕೈಯಲ್ಲಿ ಹಿಡಿಯುವ ಸಾಮಾನ್ಯ ಡಿಟೆಕ್ಟರ್ ನಾಣ್ಯದಷ್ಟು ಸಾಮಾನನ್ನು ಒಂದು ಗೇಣು ಆಳದವರೆಗೆ ಹಿಡಿದರೆ ದೊಡ್ಡದು. ಸುರುಳಿಯಿಂದ ಹೊರಡುವ ಕಾಂತಕ್ಷೇತ್ರ ಲೋಹಕ್ಕೆ ತಾಗಿ, ಅಲ್ಲಿ ಹುಟ್ಟುವ ಸಣ್ಣ ವಿದ್ಯುತ್ತಿಗೆ ಮಷೀನ್ ಸದ್ದು ಮಾಡುತ್ತದೆ. ಆಳ ಹೋದಂತೆ ಆ ಸದ್ದು ಬೇಗ ಸಾಯುತ್ತದೆ. ನಮ್ಮ ಮಣ್ಣಿನಲ್ಲಿ ಕಬ್ಬಿಣದ ಅಂಶ ಇರುವುದರಿಂದ ಸುಳ್ಳು ಸದ್ದೂ ಜಾಸ್ತಿ.

ಲಕ್ಕುಂಡಿಯಲ್ಲಿ ಟಂಕಸಾಲೆ ಇದ್ದದ್ದು ನಿಜ. ಅಲ್ಲಿನ ಚಿನ್ನದ ನಾಣ್ಯ ಲೊಕ್ಕಿ ಗದ್ಯಾಣದ ಹೆಸರು ಶಾಸನಗಳಲ್ಲೇ ಬರುತ್ತದೆ. ಅದನ್ನೇ ನೆಪ ಮಾಡಿಕೊಂಡು ನಿಧಿಗಳ್ಳರು ಲಿಂಗ ಕೀಳುತ್ತಾರೆ, ನಂದಿ ಒಡೆಯುತ್ತಾರೆ, ವೀರಗಲ್ಲು ಉರುಳಿಸುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಅತ್ತಿಮಬ್ಬೆ ಬಸದಿ ಕಟ್ಟಿಸಿದ ಊರು ಅದು! ರಾತ್ರಿ ಹೊಲದಲ್ಲಿ, ಗುಡಿ ಹತ್ತಿರ ಟಾರ್ಚ್, ಮಷೀನ್ ಕಂಡರೆ 112ಕ್ಕೆ ಫೋನ್ ಮಾಡಿ. ನೀವೇ ಎದುರು ಹೋಗಬೇಡಿ. ಸಂರಕ್ಷಿತ ಸ್ಮಾರಕದ ಜಾಗದಲ್ಲಿ ಅನುಮತಿ ಇಲ್ಲದೆ ಅಗೆಯುವುದು 1958ರ ಕಾನೂನಿನಲ್ಲೇ ಅಪರಾಧ.

ಪ್ರಶ್ನೆ (ಹಾವೇರಿ ಜಿಲ್ಲೆಯ ಶಿಕ್ಷಕಿ): ನಮ್ಮ ಶಾಲೆ ಮಕ್ಕಳು ಹೊಳೆ ದಂಡೆ ಹೊಲದಿಂದ ತುಕ್ಕು ಹಿಡಿದ ಕಬ್ಬಿಣದ ಚೂರು, ಕಪ್ಪು-ಕೆಂಪು ಗಡಿಗೆ ಬೋಕಿ ತಂದಿದ್ದಾರೆ. ಎಸೆಯೋದಾ?

ಉತ್ತರ: ಎಸೆಯಬೇಡಿ ಟೀಚರ್! ನಿಮ್ಮ ಜಿಲ್ಲೆಯ ಹಳ್ಳೂರಿನಲ್ಲಿ, ತುಂಗಭದ್ರೆಯ ದಂಡೆಯಲ್ಲಿ, 1965ರಲ್ಲಿ ಎಂ.ಎಸ್. ನಾಗರಾಜರಾವ್ ಉತ್ಖನನ ಮಾಡಿದರು. ದಕ್ಷಿಣ ಭಾರತದ ಅತಿ ಹಳೆಯ ಕಬ್ಬಿಣದ ಸಾಮಾನುಗಳಲ್ಲಿ ಅಲ್ಲಿ ಸಿಕ್ಕವೂ ಸೇರಿವೆ. ಬೋಕಿಗೆ ಡಿಟೆಕ್ಟರ್ ಸದ್ದೇ ಮಾಡುವುದಿಲ್ಲ, ಆದರೆ ಎಷ್ಟೋ ಸಲ ನಾಣ್ಯಕ್ಕಿಂತ ಬೋಕಿಯಿಂದಲೇ ನಮಗೆ ಕಾಲ ತಿಳಿಯುವುದು. ಯಾವ ಮಗು ಯಾವ ಹೊಲದಿಂದ ತಂದಿತು ಅಂತ ಚೀಟಿ ಬರೆದು ಜೊತೆಗಿಡಿ. ಇನ್ನಷ್ಟು ತರಲು ಮಾತ್ರ ಹೇಳಬೇಡಿ.

ಪ್ರಶ್ನೆ (ನರಗುಂದದ ಅದೇ ರೈತರು): ಒಂದು ದುಡ್ಡನ್ನು ಮನೆಯಾಕೆ ಹುಣಸೆಹಣ್ಣು ಹಾಕಿ ತಿಕ್ಕಿಬಿಟ್ಟಿದ್ದಾಳೆ ಮೇಡಂ. ಇನ್ನೊಂದು ಹಾಗೇ ಇದೆ. ಮುಂದೆ ಏನು ಮಾಡೋಣ?

ಉತ್ತರ: ಅಕ್ಕಾರಿಗೆ ಬೈಯಬೇಡಿ. ಮನೆ ತಾಮ್ರದ ತಂಬಿಗೆ ಬೆಳಗುವುದೇ ಹಾಗೆ. ಹುಣಸೆಯ ಹುಳಿ ಹಸಿರಿನ ಜೊತೆ ಅಕ್ಷರವನ್ನೂ ತಿನ್ನುತ್ತದೆ, ಅದಕ್ಕೆ ಇನ್ನೊಂದನ್ನು ಮುಟ್ಟುವುದು ಬೇಡ. ಮಣ್ಣು ಒಣಗಿದ ಮೇಲೆ ಮೆತ್ತನೆ ಬ್ರಷ್‌ನಿಂದ ಸವರಿ, ಬೇರೆ ಬೇರೆ ಕಾಗದದ ಪೊಟ್ಟಣದಲ್ಲಿಡಿ. ಸೀಸ ಮುಟ್ಟಿದ ಕೈಯನ್ನು ಸೋಪು ಹಚ್ಚಿ ತೊಳೆಯಿರಿ, ಮಕ್ಕಳ ಕೈಗೆ ಕೊಡಬೇಡಿ.

ನಾಳೆ ಹೊಲಕ್ಕೆ ಹೋದಾಗ ಅವು ಸಿಕ್ಕ ಜಾಗದಲ್ಲೇ ನಿಂತು ಮೊಬೈಲಿನಲ್ಲಿ ಲೊಕೇಶನ್ ಸೇವ್ ಮಾಡಿ. ಬದು, ಗಿಡ, ಬಾವಿ ಕಾಣುವ ಹಾಗೆ ಒಂದು ಫೋಟೋ ತೆಗೆಯಿರಿ. ಸರ್ವೆ ನಂಬರ್, ಸಿಕ್ಕ ತಾರೀಖು ಪೊಟ್ಟಣದ ಮೇಲೆ ಬರೆಯಿರಿ. ನಾಣ್ಯ, ಗುಂಡಿಯ ಎರಡೂ ಬದಿಯ ಫೋಟೋ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆಯಿರಿ. ಆಮೇಲೆ ತಹಶೀಲ್ದಾರರ ಕಚೇರಿಯಲ್ಲಿ ಜಿಲ್ಲಾಧಿಕಾರಿಗಳ ಹೆಸರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಒಂದು ಪ್ರತಿಯನ್ನು ಧಾರವಾಡದಲ್ಲಿರುವ ರಾಜ್ಯ ಪುರಾತತ್ವ ಇಲಾಖೆ ಕಚೇರಿಗೂ ಕೊಡಿ. ಗುರುತು ಹಿಡಿಯಲು ಕರ್ನಾಟಕ ವಿಶ್ವವಿದ್ಯಾಲಯದ ಇತಿಹಾಸ ಮತ್ತು ಪುರಾತತ್ವ ವಿಭಾಗದವರನ್ನೂ ಕೇಳಬಹುದು. ಮಗನನ್ನು ಜೊತೆಗೆ ಕರೆದುಕೊಂಡು ಹೋಗಿ. ಅವನಿಗೆ ಇಷ್ಟು ಆಸಕ್ತಿ ಇದ್ದರೆ ಆ ವಿಭಾಗದಲ್ಲೇ ಓದುವ ದಾರಿ ಕೇಳಿಕೊಂಡು ಬರಲಿ.