ಪರೀಕ್ಷೆ ಇಲ್ಲದ, ಮರಗಿಡದ ನಡುವಿನ ಶಾಲೆ: ಮಕ್ಕಳನ್ನ ಹಾಕಿದೋರು ಅನುಭವ ಹೇಳ್ತೀರಾ?

ಕೇಳಿದವರು: ಕನಕಪುರ ರೋಡ್ ಅಮ್ಮ

ಎಲ್ರಿಗೂ ನಮಸ್ಕಾರ. ಮಗಳಿಗೆ ಜೂನ್‌ಗೆ ಆರು ತುಂಬತ್ತೆ, ಒಂದನೇ ಕ್ಲಾಸಿಗೆ ಸೇರಿಸ್ಬೇಕು. ಯೂನಿಫಾರ್ಮ್ ಇಲ್ಲ, ಚಿಕ್ಕ ಕ್ಲಾಸಲ್ಲಿ ಪರೀಕ್ಷೆ ಇಲ್ಲ, ಸುತ್ತ ಕಾಡಿನ ಥರ ಮರ ಇರೋ ಶಾಲೆಗಳನ್ನ ನೋಡ್ತಾ ಇದೀವಿ. ನಮ್ಮ ಯಜಮಾನ್ರಿಗೆ ಇಷ್ಟ, ನಮ್ಮತ್ತೆ ಮಾತ್ರ "ಮಣ್ಣಲ್ಲಿ ಆಡೋಕೆ ಅಷ್ಟು ಫೀಸ್ ಯಾಕೆ, ಊರಿಗೆ ಕಳ್ಸಿ, ಬಿಟ್ಟಿ ಆಡ್ಕೊಂಡಿರ್ತಾಳೆ" ಅಂತಾರೆ 😄 ಈ ಫಿಲಾಸಫಿ ಎಲ್ಲಾ ಎಲ್ಲಿಂದ ಬಂತು, ನಿಜವಾಗ್ಲೂ ನಡೆಯತ್ತಾ, ಟೆಂತ್ ಬಂದಾಗ ಏನ್ಮಾಡ್ತಾರೆ? ಗೊತ್ತಿರೋರು ದಯವಿಟ್ಟು ಹೇಳಿ.

ಉತ್ತರ: ಇಬ್ಬರು ಮಕ್ಕಳ ಅಪ್ಪ, ಬೆಂಗಳೂರು

ನಮ್ಮಿಬ್ರು ಮಕ್ಕಳೂ ಕೃಷ್ಣಮೂರ್ತಿ ಫೌಂಡೇಶನ್ ಶಾಲೆಯಲ್ಲೇ ಓದಿದ್ದು, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ ಬೇಜಾರ್ ಮಾಡ್ಕೋಬೇಡಿ. ಅದೇ ಫೌಂಡೇಶನ್‌ದು ನಿಮ್ಮ ಕಡೆ ಇರೋ ವ್ಯಾಲಿ ಸ್ಕೂಲ್, ಶುರುವಾಗಿದ್ದು 1978ರಲ್ಲಿ, ಅದರ ಅಕ್ಕ ಅಂದ್ರೆ ಆಂಧ್ರದ ಮದನಪಲ್ಲಿ ಹತ್ರದ ರಿಷಿ ವ್ಯಾಲಿ ಶಾಲೆ, ಅದು 1920ರ ದಶಕದ್ದು. ಇವನ್ನ ಶುರು ಮಾಡಿದ ಚಿಂತಕ ಜಿಡ್ಡು ಕೃಷ್ಣಮೂರ್ತಿ ಹುಟ್ಟಿದ್ದೂ ಮದನಪಲ್ಲಿಯಲ್ಲೇ, 1895ರಲ್ಲಿ. ಥಿಯಾಸಫಿ ಅನ್ನೋ ಆಧ್ಯಾತ್ಮಿಕ ಸಂಘದೋರು ಅವರನ್ನ ಜಗದ್ಗುರು ಮಾಡ್ತೀವಿ ಅಂತ ಬೆಳೆಸಿ, ಅದಕ್ಕಂತಾನೇ ಆರ್ಡರ್ ಆಫ್ ದಿ ಸ್ಟಾರ್ ಅಂತ ಒಂದು ಸಂಸ್ಥೆ ಕಟ್ಟಿದ್ರು, 1929ರಲ್ಲಿ ಕೃಷ್ಣಮೂರ್ತಿಯವರೇ ಆ ಸಂಸ್ಥೆನ ವಿಸರ್ಜನೆ ಮಾಡಿ ನಾನು ಯಾರ ಗುರುನೂ ಅಲ್ಲ ಅಂತ ಹೊರಗೆ ಬಂದ್ರು. ಈ ಕತೆ ಯಾಕೆ ಹೇಳ್ದೆ ಅಂದ್ರೆ ಶಾಲೆಯ ಫಿಲಾಸಫಿ ಅರ್ಧ ಅದ್ರಲ್ಲೇ ಇದೆ: ಹೆದರಿಸಿ ಕಲಿಸಬಾರದು, ಬಹುಮಾನದ ಆಸೆ ತೋರಿಸಿನೂ ಕಲಿಸಬಾರದು, ಒಂದು ಮಗುನ ಇನ್ನೊಂದರ ಜೊತೆ ಹೋಲಿಸಲೇಬಾರದು. ರ‍್ಯಾಂಕ್ ಇಲ್ದೇ ಇರೋದು, ಸ್ಟಾರ್ ಸ್ಟಿಕ್ಕರ್ ಕೊಡದೇ ಇರೋದು ಎಲ್ಲಾ ಇದ್ರಿಂದ ಬಂದಿದ್ದು, ಮಕ್ಕಳಿಗೆ ಪಾಪ ಕಷ್ಟ ಆಗತ್ತೆ ಅಂತ ಅಲ್ಲ.

ಮರಗಿಡದ ವಿಷ್ಯನೂ ಹಾಗೇ. ರಿಷಿ ವ್ಯಾಲಿ ಇರೋದು ರಾಯಲಸೀಮೆಯ ಬರದ ನಾಡಲ್ಲಿ, ಅಲ್ಲಿ ಕಾಣೋ ಹಸಿರೆಲ್ಲ ದಶಕಗಟ್ಟಲೆ ಗಿಡ ನೆಟ್ಟು ನೀರು ಇಂಗಿಸಿ ಮಾಡಿದ್ದು. ಅಲ್ಲಿ ಅಸ್ತಾಚಲ ಅಂತ ಒಂದು ಪದ್ಧತಿ ಇದೆ, ಸೂರ್ಯ ಮುಳುಗೋ ಹೊತ್ತಲ್ಲಿ ಮಕ್ಕಳು ಗುಡ್ಡದ ಕಡೆ ನೋಡ್ತಾ ಸುಮ್ನೆ ಕೂರ್ತಾರೆ, ಪ್ರಾರ್ಥನೆ ಅಲ್ಲ, ಏನೂ ಹೇಳ್ಕೊಡಲ್ಲ, ಬರೀ ನೋಡೋದು. ಪ್ರಕೃತಿ ಅಂದ್ರೆ ಇವರಿಗೆ ಈವಿಎಸ್ (ಪರಿಸರ ಅಧ್ಯಯನ) ಪಾಠಕ್ಕೆ ಸಾಮಗ್ರಿ ಅಲ್ಲ, ಗಮನ ಕೊಟ್ಟು ನೋಡೋ ಅಭ್ಯಾಸ ಬರೋ ಜಾಗ. (ಇದೇನು ಇವರೊಬ್ಬರ ಐಡಿಯಾನೂ ಅಲ್ಲ ಬಿಡಿ. ಠಾಗೂರ್ 1901ರಲ್ಲೇ ಶಾಂತಿನಿಕೇತನದಲ್ಲಿ ಮರದ ಕೆಳಗೆ ಪಾಠ ಶುರು ಮಾಡಿದ್ರು, ನಮ್ಮ ಕಾರಂತಜ್ಜ ಪುತ್ತೂರಿನ ಬಾಲವನದಲ್ಲಿ ಮಕ್ಕಳ ಜೊತೆ ಪ್ರಯೋಗ ಮಾಡಿದ್ದೂ ಗೊತ್ತಿರಬಹುದು.)

ಇನ್ನು ಅನುಭವ. ಮೊದಲ ವರ್ಷ ನಮಗೆ ಬಂದ ರಿಪೋರ್ಟಲ್ಲಿ ಒಂದು ಅಂಕಿನೂ ಇರಲಿಲ್ಲ, ಪುಟಗಟ್ಟಲೆ ಬರೆದಿದ್ರು. ದೊಡ್ಡವನ ಬಗ್ಗೆ "ಲೆಕ್ಕದ ಉತ್ತರ ಬೇಗ ಹೇಳ್ತಾನೆ, ಆದರೆ ಪಕ್ಕದವರಿಗೆ ಯೋಚಿಸೋಕೆ ಟೈಮ್ ಕೊಡಲ್ಲ" ಅಂತ ಇತ್ತು. ನನ್ ಹೆಂಡ್ತಿ ಓದಿ ನನ್ನ ಮುಖ ನೋಡಿದ್ಲು, ನಾನೂ ಹಾಗೇ ಅಂತೆ. ಬೇರೆ ಶಾಲೆಯಲ್ಲಿ ಇವನಿಗೆ ನೂರಕ್ಕೆ ನೂರು ಕೊಟ್ಟು ಕಳಿಸ್ತಿದ್ರು. ಚಿಕ್ಕವಳು ಎಂಟು ವರ್ಷ ಆದ್ರೂ ಸರಿಯಾಗಿ ಓದ್ತಿರಲಿಲ್ಲ, ಟೀಚರ್ ಆರಾಮಾಗಿದ್ರು, ನಮಗೆ ನಿದ್ದೆ ಬರ್ತಿರಲಿಲ್ಲ. ಆಮೇಲೆ ಓದಿದ್ಲು ಅನ್ನಿ. ಆ ಕಾಯೋ ತಾಕತ್ತು ಮನೆಯೋರಿಗೆ ಇಲ್ಲ ಅಂದ್ರೆ, ಸಂಜೆ ಟ್ಯೂಷನ್‌ಗೆ ಕಳಿಸಿ ಬೆಳಿಗ್ಗೆ ಈ ಶಾಲೆಗೆ ಕಳಿಸೋದಾದ್ರೆ ದಯವಿಟ್ಟು ಸೇರಿಸ್ಬೇಡಿ, ಮಗು ಎರಡು ದೋಣಿಲಿ ಕಾಲಿಟ್ಟ ಹಾಗೆ ಆಗತ್ತೆ. ಟೆಂತ್ ಬಗ್ಗೆ: ಕೊನೆಗೆ ಐಸಿಎಸ್‌ಇ ಬೋರ್ಡೇ, ಎಲ್ಲರ ಥರ ಪರೀಕ್ಷೆ ಬರೀತಾರೆ.

ಉತ್ತರ: ಧಾರವಾಡದಾಕಿ

ಅಕ್ಕಾರ, ಬೋರ್ಡಿನ ಮ್ಯಾಲೆ ಗಿಡದ ಚಿತ್ರ ಬರದ್ರ ಸಾಲಂಗಿಲ್ರಿ. ನಾವು ಒಂದು "ನೇಚರ್ ಸ್ಕೂಲ್" ಅಂತ ಹೇಳ್ಕೊಳ್ಳೋ ಸಾಲಿಗೆ ಮಗನ್ನ ಹಾಕಿದ್ವಿ, ಹೆಸರು ಬ್ಯಾಡ. ನೆಲಕ್ಕ ಪ್ಲಾಸ್ಟಿಕ್ ಹುಲ್ಲು ಹಾಸಿದ್ರು, ವಾರಕ್ಕೊಮ್ಮೆ "ಮಡ್ ಡೇ" ಅಂತ ಟಬ್ಬಿನ್ಯಾಗ ಮಣ್ಣು ತಂದಿಡ್ತಿದ್ರು, ಫೋಟೋ ತಗದು ಗ್ರೂಪಿಗೆ ಹಾಕಿದ ಕೂಡ್ಲೆ ಕೈ ತೊಳಸಿ ಬಿಡ್ತಿದ್ರು. ಎಲ್‌ಕೆಜಿ ಹುಡುಗಗ ಹೋಂವರ್ಕ್ ನಾಕು ಪುಟ! ನಿಮ್ಮತ್ತಿಯವರ ಮಾತು ಅಂಥಾ ಸಾಲಿಗೆ ಖರೇನ ಐತ್ರಿ.

ಉತ್ತರ: ಕೋಟೆ ಕಡೆ ಸರ್ಕಾರಿ ಶಾಲೆ ಮೇಷ್ಟ್ರು

ಮೇಲಿನ ಸರ್ ಚೆನ್ನಾಗಿ ಬರೆದಿದ್ದಾರೆ, ಆದ್ರೆ ಒಂದು ಕೊಂಡಿ ಬಿಟ್ಟುಬಿಟ್ರು, ಅದನ್ನ ನಾನು ಸೇರಿಸ್ತೀನಿ. ರಿಷಿ ವ್ಯಾಲಿಯಲ್ಲಿ ಪಾಠ ಮಾಡಿದ್ದ ಡೇವಿಡ್ ಹಾರ್ಸ್‌ಬರ್ಗ್ ಅಂತ ಇಂಗ್ಲಿಷಿನವರು 1972ರಲ್ಲಿ ನಮ್ಮ ಕೋಲಾರ ಜಿಲ್ಲೆಯಲ್ಲಿ ನೀಲ್‌ಬಾಗ್ ಅಂತ ಶಾಲೆ ಮಾಡಿದ್ರು, ಸುತ್ತಲ ಹಳ್ಳಿ ಮಕ್ಕಳಿಗೆ. ಬೇರೆ ಬೇರೆ ವಯಸ್ಸಿನೋರು ಒಂದೇ ಕಡೆ ಕೂತು ಕಲಿಯೋದು, ಪರೀಕ್ಷೆ ಇಲ್ಲ, ಶಿಕ್ಷೆ ಇಲ್ಲ, ಓದು ಬರಹದ ಜೊತೆಗೇ ಮರಗೆಲಸ, ಹೊಲಿಗೆ, ತೋಟದ ಕೆಲಸ. ಅವರು 1984ರಲ್ಲಿ ತೀರ್ಕೊಂಡ್ರು, ಆದ್ರೆ ಅಲ್ಲಿ ಪಳಗಿದೋರು ರಿಷಿ ವ್ಯಾಲಿಗೆ ಹೋಗಿ ಸುತ್ತಲ ಹಳ್ಳಿಗಳಲ್ಲಿ ಒಬ್ಬರೇ ಟೀಚರ್ ಇರೋ ಪುಟ್ಟ ಶಾಲೆಗಳಿಗೆ ಕಾರ್ಡು, ಕಲಿಕಾ ಏಣಿ (ಪಾಠನ ಮೆಟ್ಟಿಲು ಮೆಟ್ಟಿಲಾಗಿ ತೋರಿಸೋ ಚಾರ್ಟು) ಎಲ್ಲಾ ತಯಾರು ಮಾಡಿದ್ರು. ಅದನ್ನ ನೋಡ್ಕೊಂಡು ಬಂದ ನಮ್ಮ ಎಚ್.ಡಿ. ಕೋಟೆ ತಾಲ್ಲೂಕಿನ ಶಿಕ್ಷಕರು ಯುನಿಸೆಫ್ ನೆರವಲ್ಲಿ 1995ರಲ್ಲಿ ಶುರು ಮಾಡಿದ್ದೇ ನಲಿ-ಕಲಿ, ಅಂದ್ರೆ ಚಿಕ್ಕ ಕ್ಲಾಸಿನ ಮಕ್ಕಳು ಕಾರ್ಡ್ ಹಿಡಿದು ತಮ್ಮ ವೇಗದಲ್ಲೇ ಕಲಿಯೋ ಪದ್ಧತಿ. ಆಮೇಲೆ ಇಡೀ ರಾಜ್ಯದ ಸರ್ಕಾರಿ ಶಾಲೆಗೆ ಬಂತು. ಅಂದ್ರೆ ನೀವು ಫೀಸ್ ಕಟ್ಟಿ ಹುಡುಕ್ತಾ ಇರೋ ವಿಚಾರದ ಒಂದು ಕವಲು ನಮ್ಮೂರ ಶಾಲೆಯಲ್ಲಿ ಬಿಟ್ಟಿಯಾಗೇ ಇದೆ ತಾಯಿ!

ನಮ್ಮಲ್ಲಿ ಮಗು ಬೆಳಿಗ್ಗೆ ಬಂದು ಏಣಿ ಚಾರ್ಟಲ್ಲಿ ತಾನು ಎಲ್ಲಿದೀನಿ ಅಂತ ನೋಡ್ಕೊಂಡು, ಆ ಮೆಟ್ಟಿಲಿನ ಲೋಗೋ (ಗುರುತಿನ ಚಿತ್ರ) ಇರೋ ಕಾರ್ಡ್ ತಾನೇ ತಗೊಂಡು, ಅದಕ್ಕೆ ಸೇರಿದ ತಟ್ಟೆಗೆ (ಗುಂಪಿಗೆ ನಾವು ಹೇಳೋ ಹೆಸರು) ಹೋಗಿ ಕೂರತ್ತೆ. ಕೆಲವು ತಟ್ಟೇಲಿ ನಾನಿರ್ತೀನಿ, ಕೆಲವು ಕಡೆ ಮುಂದಿರೋ ಮಗುನೇ ಹೇಳ್ಕೊಡತ್ತೆ. ಬರೆದಿದ್ದು ಚಿತ್ರ ಮಾಡಿದ್ದು ತಲೆ ಮೇಲಿನ ಚಪ್ಪರಕ್ಕೆ ನೇತಾಡತ್ತೆ. ಇದರ ಗುಟ್ಟೇನು ಗೊತ್ತಾ, ನಮ್ಮ ಹಾಡಿ (ಕಾಡಂಚಿನ ಆದಿವಾಸಿ ಕೇರಿ) ಮಕ್ಕಳು ಕಾಫಿ ಕುಯ್ಲು ಟೈಮಲ್ಲಿ ಅಪ್ಪ ಅಮ್ಮನ ಜೊತೆ ಕೊಡಗಿಗೆ ಹೊರಟೋಗ್ತವೆ. ಮಾಮೂಲಿ ಕ್ಲಾಸಲ್ಲಾದ್ರೆ ವಾಪಸ್ ಬರೋ ಹೊತ್ತಿಗೆ ಪಾಠ ಮುಂದೆ ಹೋಗಿರತ್ತೆ, ಮಗು ದಡ್ಡ ಅನ್ನಿಸ್ಕೊಂಡು ಶಾಲೆ ಬಿಡತ್ತೆ. ಇಲ್ಲಿ ಎಲ್ಲಿ ನಿಲ್ಲಿಸಿತ್ತೋ ಆ ಮೆಟ್ಟಿಲಿಂದಲೇ ಹತ್ತತ್ತೆ. ಹಾಗಂತ ಎಲ್ಲಾ ಚಂದ ಅಂತಲ್ಲ, ಮೂರು ಕ್ಲಾಸಿನ ಮಕ್ಕಳು ಒಂದೇ ರೂಮಲ್ಲಿ ನಾನೊಬ್ಬನೇ, ಮೇಲಿಂದ ಬಿಸಿಯೂಟದ ಲೆಕ್ಕ, ಸರ್ವೆ, ಆನ್‌ಲೈನ್ ಎಂಟ್ರಿ. ಕಾರ್ಡ್ ಹರಿದುಹೋದ್ರೆ ಹೊಸದು ಬರೋಕೆ ಕಾಯ್ಬೇಕು. ಎಷ್ಟೋ ಕಡೆ ನಲಿ-ಕಲಿ ಅಂತ ಗೋಡೆ ಮೇಲೆ ಬರೆದಿರತ್ತೆ, ಒಳಗೆ ಕಾಪಿ ಹೊಡಿಸ್ತಿರ್ತಾರೆ. ಪದ್ಧತಿಗಿಂತ ಒಬ್ಬ ಟೀಚರ್‌ಗೆ ಎಷ್ಟು ಮಕ್ಕಳು ಅನ್ನೋದನ್ನ ಮೊದ್ಲು ಕೇಳಿ.

ಉತ್ತರ: ಇಂಥದ್ದೇ ಶಾಲೆಯ ಹಳೇ ಸ್ಟೂಡೆಂಟ್

ನಾನು ಓದಿದ್ದೂ ಇದೇ ಥರ ಚಿಕ್ಕ ಶಾಲೆ, ಟೀಚರ್‌ಗಳನ್ನ ಅಕ್ಕ ಅಣ್ಣ ಅಂತಾನೇ ಕರೀತಿದ್ವಿ. ಒಂಬತ್ತು ಹತ್ತು ಅಷ್ಟೇನೂ ಕಷ್ಟ ಆಗಲಿಲ್ಲ. ಕಷ್ಟ ಆಗಿದ್ದು ಪಿಯುಸಿ. ಎಂಬತ್ತು ಜನ ಇರೋ ಕ್ಲಾಸು, ಲೆಕ್ಚರರ್ ಡಿಕ್ಟೇಟ್ ಮಾಡ್ತಿದ್ರು, ನಾನು ಮಧ್ಯೆ ಕೈ ಎತ್ತಿ "ಇದು ಯಾಕೆ ಹೀಗೆ" ಅಂದ್ರೆ ಇಡೀ ಕ್ಲಾಸ್ ನಗ್ತಿತ್ತು. ಮೊದಲ ಟೆಸ್ಟಲ್ಲಿ ಟೈಮ್ ಸಾಲದೇ ಅರ್ಧ ಪೇಪರ್ ಖಾಲಿ. ವರ್ಷದ ಕೊನೆಗೆ ಹೊಂದ್ಕೊಂಡೆ. ಇನ್ನೊಂದು, ಯಾರೂ ಹೇಳಲ್ಲ: ನಮ್ಮ ಶಾಲೆಲಿ ಎಲ್ರೂ ಹೆಚ್ಚುಕಮ್ಮಿ ಒಂದೇ ಥರ ಮನೆಯಿಂದ ಬಂದೋರು, ಎಲ್ಲಾ ಇಂಗ್ಲಿಷ್. ಹಕ್ಕಿ ಹೆಸರೆಲ್ಲ ಇಂಗ್ಲಿಷಲ್ಲಿ ಬರ್ತಿತ್ತು, ಪಕ್ಕದ ಹಳ್ಳಿಲಿ ಅದಕ್ಕೇನಂತಾರೆ ಅಂತ ಗೊತ್ತಿರಲಿಲ್ಲ. ಶಾಲೆಗೂ ಊರಿಗೂ ಏನಾದ್ರೂ ಸಂಬಂಧ ಇದೆಯಾ ಅಂತ ವಿಚಾರಿಸಿ.

ಕೇಳಿದವರು: ಕನಕಪುರ ರೋಡ್ ಅಮ್ಮ

ಅಬ್ಬಾ, ಇಷ್ಟು ಸಿಗತ್ತೆ ಅಂದ್ಕೊಂಡಿರಲಿಲ್ಲ, ಎಲ್ರಿಗೂ ಥ್ಯಾಂಕ್ಸ್. ಮೇಷ್ಟ್ರು ಬರೆದಿದ್ದನ್ನ ಅತ್ತೆಗೆ ಜೋರಾಗಿ ಓದಿ ಹೇಳ್ದೆ, "ನೋಡು ನಾನ್ ಹೇಳ್ಲಿಲ್ವಾ" ಅಂದ್ರು 🙈 ಒಂದೆರಡು ಶಾಲೇಲಿ ಓಪನ್ ಡೇ ಇದೆ, ಹೋಗಿ ನೋಡಲಾ?

ಉತ್ತರ: ಇಬ್ಬರು ಮಕ್ಕಳ ಅಪ್ಪ, ಬೆಂಗಳೂರು

ಓಪನ್ ಡೇಗೆ ಹೋದ್ರೆ ಹಾಡು, ಎಕ್ಸಿಬಿಷನ್ ಅಷ್ಟೇ ಕಾಣೋದು. ಪರ್ಮಿಷನ್ ತಗೊಂಡು ಮಾಮೂಲಿ ದಿನ ಹೋಗಿ ಹಿಂದೆ ಕೂತ್ಕೊಳ್ಳಿ. ಒಂದು ಮಗು "ನಾನು ಇದನ್ನ ಮಾಡಲ್ಲ" ಅಂದಾಗ ಟೀಚರ್ ಏನ್ಮಾಡ್ತಾರೆ ನೋಡಿ. ಆಮೇಲೆ ಎಷ್ಟು ಟೀಚರ್‌ಗಳು ಐದು ವರ್ಷಕ್ಕಿಂತ ಜಾಸ್ತಿ ಅಲ್ಲೇ ಇದಾರೆ ಅಂತ ಆಫೀಸಲ್ಲಿ ಕೇಳಿ. ಅತ್ತೆನೂ ಕರ್ಕೊಂಡು ಹೋಗಿ.