ಸಹಾಯ ಬೇಕು: ನ್ಯಾನೋ ಪ್ಯಾಕ್ಲಿಟ್ಯಾಕ್ಸೆಲ್ ತೆಗೆದುಕೊಂಡವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾವು ಸೋಮವಾರಪೇಟೆ ಕಡೆಯವರು. ಚಿಕ್ಕಮ್ಮನಿಗೆ ಸ್ತನ ಕ್ಯಾನ್ಸರ್. ಮಾಮೂಲಿ ಪ್ಯಾಕ್ಲಿಟ್ಯಾಕ್ಸೆಲ್ ಅನ್ನೋ ಕೀಮೋ ಔಷಧಿಯ ಡ್ರಿಪ್ ಹಾಕಿದಾಗ ಮೈಯೆಲ್ಲ ಕೆಂಪಾಗಿ ಉಸಿರು ಕಟ್ಟಿತು. ಈಗ ಮೈಸೂರಿನ ಡಾಕ್ಟರು ಅದನ್ನೇ ನ್ಯಾನೋ ರೂಪದಲ್ಲಿ ಕೊಡೋಣ ಅಂದಿದ್ದಾರೆ. ಔಷಧಿಯನ್ನು ಆಲ್ಬುಮಿನ್ ಪ್ರೋಟೀನಿಗೆ ಅಂಟಿಸಿ ಸುಮಾರು 130 ನ್ಯಾನೋಮೀಟರ್ ಕಣ ಮಾಡಿರುತ್ತಾರಂತೆ. ಮಾಮೂಲಿ ಔಷಧಿಯಲ್ಲಿ ಬೆರೆಸುವ, ಅಲರ್ಜಿ ತರಿಸುವ ಎಣ್ಣೆಯಂಥ ದ್ರಾವಕ ಇದರಲ್ಲಿ ಇರುವುದಿಲ್ಲ. ಅಮೆರಿಕದಲ್ಲಿ 2005ರಲ್ಲೇ ಒಪ್ಪಿಗೆ ಸಿಕ್ಕ ಔಷಧಿ, ಹಾಗಾಗಿ ಪ್ರಯೋಗ ಅನ್ನೋ ಭಯ ಇಲ್ಲ. ಭಯ ಇರೋದು ಬಿಲ್ಲಿನದು!

ತೆಗೆದುಕೊಂಡವರು ಹೇಳಿ, ಎಷ್ಟು ಖರ್ಚಾಯಿತು? ಆಯುಷ್ಮಾನ್ ಕಾರ್ಡಿನಲ್ಲಿ ಸಿಕ್ಕಿತಾ? ಕೈಕಾಲು ಜೋಮು ಜಾಸ್ತಿ ಆಯಿತಾ? ಮಡಿಕೇರಿಯಲ್ಲೇ ಎಲ್ಲಾದರೂ ಡ್ರಿಪ್ ಹಾಕುತ್ತಾರಾ? ಈ ಮಳೆಯಲ್ಲಿ ಅವರನ್ನು ಮೈಸೂರಿಗೆ ಕರೆದುಕೊಂಡು ಹೋಗೋದೇ ದೊಡ್ಡ ಕಷ್ಟ.

ದಯವಿಟ್ಟು ಸುಮ್ನೆ ಚಿನ್ನದ ನ್ಯಾನೋ ಪುಡಿಯಿಂದ ಕ್ಯಾನ್ಸರ್ ವಾಸಿಯಾಗುತ್ತೆ ಅನ್ನೋ ಫಾರ್ವರ್ಡ್ ಮಾತ್ರ ಕಳಿಸಬೇಡಿ, ಬೇಕಾದಷ್ಟು ಬಂದಿವೆ.