ನಮ್ಮ ನಂತರ ನಾಯಿ, ಬೆಕ್ಕು ಯಾರ ಕೈಗೆ? ಟ್ರಸ್ಟ್ ಮಾಡಿದವರ ಅನುಭವ

ಶಿವಮೊಗ್ಗದ ಅಕ್ಕ ಒಬ್ಬರು ಕೇಳಿದ್ದಾರೆ: "ನನಗೆ 68 ವರ್ಷ. ಯಜಮಾನರು ತೀರಿಕೊಂಡಿದ್ದಾರೆ, ಮಗ ಅಮೆರಿಕದಲ್ಲಿದ್ದಾನೆ. ಮನೆಯಲ್ಲಿ ಎರಡು ನಾಯಿ, ಒಂದು ಬೆಕ್ಕು. ನನಗೇನಾದರೂ ಆದರೆ ಇವುಗಳ ಗತಿ ಏನು? ಇವುಗಳ ಹೆಸರಿನಲ್ಲಿ ಟ್ರಸ್ಟ್ ಮಾಡಿ ಹಣ ಇಡಬಹುದಾ? ಮಾಡಿದವರಿದ್ದರೆ ಹೇಳಿ."

ಅಕ್ಕಾ, ನಾನು ಮಾಡಿದ್ದೇನೆ. ಟ್ರಸ್ಟ್ ಅಂದರೆ ನಮ್ಮ ಹಣವನ್ನು ನಂಬಿಕೆಯ ಒಬ್ಬರ (ಟ್ರಸ್ಟಿ) ಕೈಗೆ ಒಪ್ಪಿಸಿ, ಇನ್ನೊಬ್ಬರ (ಫಲಾನುಭವಿ) ಒಳಿತಿಗೆ ಪತ್ರದಲ್ಲಿ ಬರೆದ ಹಾಗೆ ಖರ್ಚು ಮಾಡಿಸುವ ಏರ್ಪಾಡು. ಮೈಸೂರಿನವಳು, ಬ್ಯಾಂಕಿನಿಂದ ನಿವೃತ್ತಳು. ನನ್ನ ಅನುಭವದ ಜೊತೆಗೆ ನನಗೆ ಗೊತ್ತಿರುವ ಇನ್ನು ಕೆಲವರದ್ದನ್ನೂ ಸೇರಿಸಿ ಬರೆಯುತ್ತಿದ್ದೇನೆ. ಎಲ್ಲರ ಅನುಭವವೂ ಕೊನೆಗೆ ಒಂದೇ ಕಡೆ ಬರುತ್ತದೆ: ಮೊದಲು ನಾಯಿ ನೋಡಿಕೊಳ್ಳುವವರನ್ನು ಹುಡುಕಿ, ವಕೀಲರನ್ನು ಆಮೇಲೆ. ನೋಡಿಕೊಳ್ಳುವವರು ಗಟ್ಟಿ ಇದ್ದರೆ ಕಾಗದಪತ್ರ ತಾನಾಗಿ ಆಗುತ್ತದೆ.

ನೀವು ಕೇಳಿದ ಹಾಗೆ ನೇರವಾಗಿ ನಾಯಿಯ ಹೆಸರಿಗೆ ಹಣ ಬರೆಯೋಕೆ ನಮ್ಮಲ್ಲಿ ಆಗುವುದಿಲ್ಲ. ದೇವರ ಹೆಸರಿನಲ್ಲಿ ಜಮೀನು ಇರುತ್ತದೆ ಅಲ್ವಾ? ದೇವಸ್ಥಾನದ ದೇವರು ಆಸ್ತಿ ಹೊಂದಬಹುದು ಅಂತ ಕೋರ್ಟು ಒಪ್ಪಿದೆ. ನಮ್ಮ ಮನೆಯ ನಾಯಿಗೆ ಆ ಸ್ಥಾನ ಇಲ್ಲ. ಕಾನೂನಿನ ಲೆಕ್ಕದಲ್ಲಿ ಅದೇ ನಮ್ಮ ಆಸ್ತಿ. 1882ರ ಟ್ರಸ್ಟ್ ಕಾಯ್ದೆ ಪ್ರಕಾರ, ಆಸ್ತಿ ಹೊಂದುವ ಅರ್ಹತೆ ಇರುವವರು ಮಾತ್ರ ಟ್ರಸ್ಟಿನ ಫಲಾನುಭವಿ ಆಗಬಹುದು. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ 50 ರಾಜ್ಯಗಳಲ್ಲೂ ಸಾಕುಪ್ರಾಣಿ ಟ್ರಸ್ಟಿಗೆ ಕಾನೂನೇ ಇದೆ, 2016ರಲ್ಲಿ ಮಿನ್ನೆಸೋಟ ಕೊನೆಯದಾಗಿ ಸೇರಿತು. ಹಾಗಾಗಿ ನಿಮ್ಮ ಮಗ ಅಲ್ಲಿಂದ ಒಂದು ಮಾದರಿ ಪತ್ರ ಕಳಿಸಿದರೆ ಅದನ್ನೇ ಇಲ್ಲಿ ಬಳಸಬೇಡಿ.

ಹಾಗಂತ ದಾರಿಯೇ ಇಲ್ಲ ಅಂತಲ್ಲ. ನಾಯಿಯನ್ನು ನೋಡಿಕೊಳ್ಳುವ ಮನುಷ್ಯರನ್ನು ಫಲಾನುಭವಿ ಮಾಡಬೇಕು, ಹಣ ಯಾವುದಕ್ಕೆ ಖರ್ಚಾಗಬೇಕು ಅಂತ ಬಿಡಿಸಿ ಬರೆಯಬೇಕು. ರತನ್ ಟಾಟಾ 2024ರ ಅಕ್ಟೋಬರಿನಲ್ಲಿ ತೀರಿಕೊಂಡ ಮೇಲೆ ಅವರ ವಿಲ್ ಬಗ್ಗೆ ಪತ್ರಿಕೆಗಳಲ್ಲಿ ಬಂದಿತ್ತು. ತಮ್ಮ ನಾಯಿ ಟಿಟೋನ ಆರೈಕೆಯನ್ನು ಅವರು ಮನೆಯ ಅಡುಗೆಯವರಿಗೆ ವಹಿಸಿ, ಅದಕ್ಕೆ ಹಣದ ಏರ್ಪಾಡನ್ನೂ ಮಾಡಿದ್ದರು. ಅಷ್ಟು ದೊಡ್ಡವರೂ ನಾಯಿಗೆ ಪರಿಚಯ ಇರುವ ಕೈಯನ್ನೇ ಆರಿಸಿದರು ನೋಡಿ.

ನನ್ನ ಏರ್ಪಾಡು ಹೀಗಿದೆ. ನನ್ನ ನಂತರ ನನ್ನ ನಾಯಿ ರಾಣಿ ಹೋಗುವುದು ನಂಜನಗೂಡಿನಲ್ಲಿರುವ ತಂಗಿಯ ಮಗಳ ಮನೆಗೆ. ಹಣ ಇರುವುದು ಟ್ರಸ್ಟಿನ ಖಾತೆಯಲ್ಲಿ. ಟ್ರಸ್ಟಿ ನನ್ನ ಜೊತೆ ಕೆಲಸ ಮಾಡಿದ ಗೆಳತಿ, ಅವಳಿಗೆ ಏನಾದರೂ ಆದರೆ ಇನ್ನೊಬ್ಬರ ಹೆಸರೂ ಇದೆ. ಗೆಳತಿ ಮೂರು ತಿಂಗಳಿಗೊಮ್ಮೆ ಹಣ ಕೊಡುತ್ತಾಳೆ, ಡಾಕ್ಟರ ಬಿಲ್ ಬೇರೆಯಾಗಿ ಕಟ್ಟುತ್ತಾಳೆ, ವರ್ಷಕ್ಕೆ ಎರಡು ಸಲ ಹೋಗಿ ನಾಯಿಯನ್ನು ಕಣ್ಣಾರೆ ನೋಡಿ ಬರಬೇಕು. ಹಣ ಇಟ್ಟುಕೊಳ್ಳುವವರು, ನಾಯಿ ಸಾಕುವವರು ಬೇರೆ ಬೇರೆ ಇರಲಿ ಅಕ್ಕಾ. ತಂಗಿಯ ಮಗಳ ಮೇಲೆ ನನಗೆ ಅನುಮಾನ ಇದೆ ಅಂತಲ್ಲ. ನಾಳೆ ಯಾರೂ ಅವಳ ಮೇಲೆ ಮಾತು ಹೊರಿಸಬಾರದು ಅಂತ.

ಇನ್ನೊಂದು ಮುಖ್ಯ. ನಾಯಿ ತೀರಿಕೊಂಡ ಮೇಲೆ ಉಳಿದ ಹಣ ಯಾರಿಗೆ? ಸಾಕುವವರಿಗೇ ಅಂತ ಬರೆದರೆ, ನಾಯಿ ಬೇಗ ಹೋದಷ್ಟೂ ಅವರಿಗೆ ಜಾಸ್ತಿ ಸಿಗುವ ಹಾಗಾಗುತ್ತದೆ. ಒಳ್ಳೆಯವರನ್ನೂ ಆ ಇಕ್ಕಟ್ಟಿಗೆ ಸಿಕ್ಕಿಸಬಾರದು. ನಾನು ಒಂದು ಪ್ರಾಣಿ ಆಶ್ರಯಕ್ಕೆ ಬರೆದಿದ್ದೇನೆ. ಟ್ರಸ್ಟಿಗೆ ಸಂಭಾವನೆ ಕೊಡಬೇಕು ಅಂತಿದ್ದರೆ ಅದನ್ನೂ ಪತ್ರದಲ್ಲೇ ಬರೆಯಿರಿ, ಬರೆಯದಿದ್ದರೆ ಕೇಳುವ ಹಕ್ಕು ಅವರಿಗಿಲ್ಲ. ರದ್ದು ಮಾಡುವ ಹಕ್ಕನ್ನು ನಿಮ್ಮ ಕೈಯಲ್ಲೇ ಇಟ್ಟುಕೊಳ್ಳಿ. ಅದು ಪತ್ರದಲ್ಲಿ ಇಲ್ಲದಿದ್ದರೆ ಆಮೇಲೆ ನೀವೊಬ್ಬರೇ ರದ್ದು ಮಾಡೋಕೆ ಆಗುವುದಿಲ್ಲ. ಆ ಹಕ್ಕು ಇಟ್ಟುಕೊಂಡರೆ ಬಡ್ಡಿ ನಿಮ್ಮ ಆದಾಯಕ್ಕೇ ಸೇರಿ ತೆರಿಗೆ ಬರುತ್ತದೆ, ಪರವಾಗಿಲ್ಲ. ಬರೀ ಹಣ ಇಡುವುದಾದರೆ ಟ್ರಸ್ಟ್ ಪತ್ರಕ್ಕೆ ನೋಂದಣಿ ಕಡ್ಡಾಯ ಅಲ್ಲ, ಮನೆ ಅಥವಾ ಜಮೀನು ಸೇರಿಸಿದರೆ ಕಡ್ಡಾಯ. ನಾನು ಹಣವಷ್ಟೇ ಇಟ್ಟರೂ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿ ಮಾಡಿಸಿದೆ. ಬ್ಯಾಂಕಿನಲ್ಲಿ ಖಾತೆ ತೆರೆಯುವಾಗ ಅದರಿಂದ ಕೆಲಸ ಸುಲಭವಾಯಿತು.

ಟ್ರಸ್ಟ್ ಬೇಡ, ವಿಲ್ ಸಾಕು ಅನ್ನುವವರೂ ಇದ್ದಾರೆ. ಸಣ್ಣ ಮೊತ್ತಕ್ಕೆ ಅದೇ ಸರಿ. ವಿಲ್ ಬಿಳಿ ಹಾಳೆಯಲ್ಲಿ ಬರೆದರೂ ನಡೆಯುತ್ತದೆ, ಛಾಪಾ ಕಾಗದ ಬೇಡ, ಇಬ್ಬರು ಸಾಕ್ಷಿ ಬೇಕು. ಹಣ ಪಡೆಯುವವರನ್ನೇ ಸಾಕ್ಷಿ ಮಾಡಬೇಡಿ. ನಾಯಿ ಮತ್ತು ಹಣ ಎರಡನ್ನೂ ಒಂದೇ ವಾಕ್ಯದಲ್ಲಿ ಒಬ್ಬರಿಗೇ ಬರೆಯಿರಿ, ಜವಾಬ್ದಾರಿ ಒಪ್ಪಿದರೆ ಮಾತ್ರ ಹಣ ಅಂತ ಸ್ಪಷ್ಟವಾಗಿರಲಿ.

ಆದರೆ ವಿಲ್‌ನಲ್ಲಿ ಒಂದು ದೊಡ್ಡ ಕೊರತೆ ಇದೆ. ಹುಬ್ಬಳ್ಳಿಯ ನನ್ನ ಸಹೋದ್ಯೋಗಿಯ ಅತ್ತೆ ಬಹಳ ಚೆನ್ನಾಗಿ ವಿಲ್ ಬರೆದಿಟ್ಟಿದ್ದರು. ಬೆಕ್ಕು ಯಾರಿಗೆ, ಎಷ್ಟು ಹಣ, ಎಲ್ಲಾ ಇತ್ತು. ಅವರು ತೀರಿಕೊಂಡಾಗ ಮನೆ ತುಂಬ ನೆಂಟರು. ಬಾಗಿಲು ಹಗಲೆಲ್ಲಾ ತೆರೆದೇ ಇತ್ತು. ವೈಕುಂಠ ಸಮಾರಾಧನೆ ಮುಗಿದ ಮೇಲೆ ವಿಲ್ ತೆಗೆದು ಓದಿದರು. ಅಷ್ಟರಲ್ಲಿ ಬೆಕ್ಕು ಎಲ್ಲಿ ಹೋಯಿತು ಅಂತ ಯಾರಿಗೂ ಗೊತ್ತಿರಲಿಲ್ಲ. ಯಾರದ್ದೂ ಕೆಟ್ಟ ಮನಸ್ಸಲ್ಲ. ಆ ದಿನಗಳಲ್ಲಿ ಬೆಕ್ಕಿನ ನೆನಪು ಯಾರಿಗೂ ಬರಲಿಲ್ಲ, ಅಷ್ಟೆ. ಇದನ್ನು ಕೇಳಿದಾಗಿನಿಂದ ನನಗೆ ಕಾಗದಕ್ಕಿಂತ ಮೊದಲ ಎರಡು ದಿನದ ಚಿಂತೆಯೇ ಜಾಸ್ತಿ.

ಆಸ್ಪತ್ರೆಯ ವಿಷಯವೂ ಅಷ್ಟೇ. ಸೊಂಟ ಮುರಿದು ತಿಂಗಳುಗಟ್ಟಲೆ ಮಲಗಿದರೆ, ಮರೆವು ಬಂದರೆ, ವಿಲ್ ಉಪಯೋಗಕ್ಕೆ ಬರುವುದಿಲ್ಲ. ಅದು ಜೀವ ಹೋದ ಮೇಲೆ ಮಾತ್ರ. ಬದುಕಿರುವಾಗಲೇ ಮಾಡಿದ ಟ್ರಸ್ಟಿನ ನಿಜವಾದ ಲಾಭ ಇದೇ. "ನಾನು ನೋಡಿಕೊಳ್ಳಲಾಗದ ಸ್ಥಿತಿಯಲ್ಲಿದ್ದೇನೆ ಅಂತ ವೈದ್ಯರು ಬರೆದುಕೊಟ್ಟರೂ ಹಣ ಬಿಡುಗಡೆ ಮಾಡಬೇಕು" ಅಂತ ಒಂದು ಸಾಲು ನನ್ನ ಪತ್ರದಲ್ಲಿದೆ.

ಮನೆಯ ಇನ್ನೊಂದು ಬೀಗದಕೈ ಪಕ್ಕದ ಮನೆಯವರ ಹತ್ತಿರ ಇದೆ. ಅಡುಗೆಮನೆಯ ಕಪಾಟಿನ ಒಳಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದೇನೆ: "ರಾಣಿಗೆ ಗುಡುಗು ಅಂದರೆ ಭಯ, ಬಚ್ಚಲುಮನೆಯಲ್ಲಿ ಕೂರುತ್ತಾಳೆ, ಎಳೆಯಬೇಡಿ. ಬಲಗಿವಿ ಮುಟ್ಟಿದರೆ ಗುರ್ ಅಂತಾಳೆ, ನೋವಿದೆ. ಮಾತ್ರೆ ಬಾಳೆಹಣ್ಣಿನ ಒಳಗಿಟ್ಟು ಕೊಡಿ. ಮೊಸರನ್ನ ಕೊಡಬಹುದು, ಈರುಳ್ಳಿ, ದ್ರಾಕ್ಷಿ ಬೇಡವೇ ಬೇಡ." ಕೆಳಗೆ ತಂಗಿಯ ಮಗಳದ್ದು, ಗೆಳತಿಯದ್ದು, ಪಶುವೈದ್ಯರದ್ದು ಫೋನ್ ನಂಬರ್.

ಎಷ್ಟು ಹಣ ಇಡಬೇಕು? ಒಂದು ಉದಾಹರಣೆ. ನಾಯಿಗೆ ತಿಂಗಳಿಗೆ 5,000 ರೂಪಾಯಿ ಖರ್ಚು, ಇನ್ನೂ 8 ವರ್ಷ ಬದುಕುತ್ತದೆ ಅಂದುಕೊಂಡರೆ 4 ಲಕ್ಷ 80 ಸಾವಿರ. ಬೆಲೆ ಏರಿಕೆ, ಮುದಿವಯಸ್ಸಿನ ಔಷಧಿ ಸೇರಿಸಿ ಅದರ ಒಂದೂವರೆಪಟ್ಟು ಇಡಿ. ಬೆಕ್ಕಿಗೆ ಖರ್ಚು ಕಡಿಮೆ, ಆದರೆ 15 ವರ್ಷಕ್ಕೂ ಹೆಚ್ಚು ಬದುಕಬಹುದು. ತೀರಾ ದೊಡ್ಡ ಮೊತ್ತವೂ ಬೇಡ. ನ್ಯೂಯಾರ್ಕಿನ ಹೋಟೆಲ್ ಒಡತಿ ಲಿಯೋನಾ ಹೆಲ್ಮ್‌ಸ್ಲಿ 2007ರಲ್ಲಿ ತೀರಿಕೊಂಡಾಗ ತಮ್ಮ ನಾಯಿಗೆ 1 ಕೋಟಿ 20 ಲಕ್ಷ ಡಾಲರ್ ಇಟ್ಟಿದ್ದರು. ಕೋರ್ಟು ಅದನ್ನು 20 ಲಕ್ಷಕ್ಕೆ ಇಳಿಸಿತು. ಅಗತ್ಯಕ್ಕೆ ತಕ್ಕಷ್ಟು ಇದ್ದರೆ ಯಾರೂ ತಕರಾರು ತೆಗೆಯೋಕೆ ಕಾರಣ ಸಿಗುವುದಿಲ್ಲ. ಬ್ಯಾಂಕ್ ಠೇವಣಿಗೆ ಸುಮ್ನೆ ಸಾಕುವವರನ್ನು ನಾಮಿನಿ ಮಾಡಿದರೆ ಸಾಕು ಅಂತಲೂ ಅಂದುಕೊಳ್ಳಬೇಡಿ. ನಾಮಿನಿ ಹಣ ಪಡೆಯುತ್ತಾರೆ, ಒಡೆತನ ವಾರಸುದಾರರದ್ದೇ.

ದಾವಣಗೆರೆಯ ಪರಿಚಯದವರೊಬ್ಬರು ಮನೆಗೆಲಸದಾಕೆಯ ಹೆಸರು ಬರೆಯಬೇಕು ಅಂತಿದ್ದರು. ನಾಯಿಗೆ ಆಕೆ ಅಂದರೆ ಪ್ರಾಣ. ಆದರೆ ಆಕೆ ಇರುವುದು ಬಾಡಿಗೆ ಮನೆ, ಓನರ್ ನಾಯಿ ಬೇಡ ಅಂದರು. ಕೊನೆಗೆ ಸ್ವಂತ ಮನೆ ಇರುವ ಆಕೆಯ ಅಣ್ಣನ ಹೆಸರು ಬರೆದು, ದಿನಾ ಹೋಗಿ ನೋಡುವ ಆಕೆಗೂ ಒಂದಿಷ್ಟು ಹಣ ಇಟ್ಟರು. ಹಾಗಾಗಿ ಒಪ್ಪಿಗೆ ಕೇಳುವಾಗ ಮನೆಯವರೆಲ್ಲರನ್ನೂ ಕೇಳಿ, ಮನೆ ಯಾರದ್ದು ಅಂತಲೂ ಕೇಳಿ. ಒಂದು ವಾರ ನಾಯಿಗಳನ್ನು ಅಲ್ಲಿ ಬಿಟ್ಟು ನೋಡಿ.

ನಿಮ್ಮ ಮಗನಿಗೂ ಈಗಲೇ ಹೇಳಿ. ಆಮೇಲೆ ಗೊತ್ತಾದರೆ ಬೇಜಾರು. ವಕೀಲರ ಹತ್ತಿರ ಹೋಗುವಾಗ ಲಸಿಕೆ ಪುಸ್ತಕ, ಮೈಕ್ರೋಚಿಪ್ ಇದ್ದರೆ ಅದರ ನಂಬರ್, ಫೋಟೋ ತೆಗೆದುಕೊಂಡು ಹೋಗಿ. ಪತ್ರದಲ್ಲಿ ಈಗಿರುವ ಮೂರರ ಹೆಸರಿನ ಜೊತೆಗೆ "ಆ ಸಮಯದಲ್ಲಿ ನನ್ನ ಬಳಿ ಇರುವ ಎಲ್ಲ ಸಾಕುಪ್ರಾಣಿಗಳು" ಅಂತಲೂ ಸೇರಿಸಲು ಹೇಳಿ. ನಾಳೆ ಇನ್ನೊಂದು ಮರಿ ಬಾಗಿಲಿಗೆ ಬಂದರೆ ನೀವು ಬೇಡ ಅನ್ನುವವರಲ್ಲ ಅಂತ ನಿಮ್ಮ ಪ್ರಶ್ನೆ ಓದಿದರೇ ಗೊತ್ತಾಗುತ್ತದೆ.